ಹುಳುವಿನ ಹಿಂದೆ ಓಡಬೇಡ, ಮರಿ

ಮರಿ, ಮೊದಲ ಮಾತೇ ಇದು: ಹುಳುವಿನ ಹಿಂದೆ ಓಡಬೇಡ. ಮ್ಯಾಕ್ರೋ ಲೆನ್ಸು ಕೈಗೆ ಬಂದ ಹೊಸತರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಚಿಟ್ಟೆ ಒಂದು ಹೂವಿನಿಂದ ಇನ್ನೊಂದಕ್ಕೆ ಹಾರುತ್ತದೆ, ಇವರು ಅದರ ಬೆನ್ನಟ್ಟುತ್ತಾರೆ; ಕಾಲಡಿ ಏನು ಮುರಿಯಿತು ಅನ್ನುವ ಪರಿವೆಯೇ ಇರುವುದಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ ಕಾರ್ಡಿನ ತುಂಬ ಚಿಟ್ಟೆಯ ಬೆನ್ನು, ಇಲ್ಲವೇ ಚಿಟ್ಟೆ ಎದ್ದುಹೋದ ಹೂವು. ಇಲಿನಾಯ್‌ನ ಪ್ರೇರಿಯಲ್ಲಿ ಚಿತ್ರ ತೆಗೆಯಬೇಕು ಅಂತಿದ್ದರೆ ಒಂದು ಹೂವನ್ನು ಆರಿಸಿಕೊ, ಅದರ ಮುಂದೆ ಕೂತುಬಿಡು. ಬರಬೇಕಾದವರು ಬಂದೇ ಬರುತ್ತಾರೆ. ಅವರಿಗೆ ಅದು ಹೊಟ್ಟೆಪಾಡು, ನಿನಗೆ ಹವ್ಯಾಸ. ಯಾರು ಯಾರ ಹತ್ತಿರ ಬರಬೇಕು ಅನ್ನುವುದು ಅಷ್ಟರಲ್ಲೇ ತೀರ್ಮಾನವಾಗಿದೆ.

ಆದರೆ ಯಾವ ಹೂವು? ಅದನ್ನು ತಿಳಿಯಲು ಈ ನೆಲ ಏನೆಂದು ಸ್ವಲ್ಪ ಗೊತ್ತಿರಬೇಕು. ಇಲ್ಲಿಗೆ ಬಂದ ನಮ್ಮವರ ಕಣ್ಣಿಗೆ ಪ್ರೇರಿ ಅಂದರೆ ಯಾರೋ ಕಳೆ ಕೀಳದೆ ಬಿಟ್ಟ ಹೊಲ. ಊರಿನಲ್ಲೂ ನಾವು ಹೀಗೇ ಅಂದುಕೊಂಡವರು. ಹುಲ್ಲುಗಾವಲನ್ನು ಬೀಳು ಎಂದು ಕರೆದು, ರಾಣೆಬೆನ್ನೂರಿನ ಕೃಷ್ಣಮೃಗಗಳ ಜಾಗದಲ್ಲೂ ನೀಲಗಿರಿ ನೆಟ್ಟವರು. ಇಲ್ಲಿನವರು ಮೆಕ್ಕೆಜೋಳ, ಸೋಯಾ ಬಿತ್ತಿದರು. ಒಂದು ಕಾಲಕ್ಕೆ ಇಲಿನಾಯ್ ಒಂದರಲ್ಲೇ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು. ಬೇರುಗಳು ಹೆಣೆದುಕೊಂಡ ಆ ಜಿಗುಟು ಕಪ್ಪುಮಣ್ಣು ಹಳೆಯ ನೇಗಿಲಿಗೆ ಮೆತ್ತಿಕೊಂಡು ಉಳುವವನನ್ನು ಹೈರಾಣ ಮಾಡುತ್ತಿತ್ತು. 1837ರಲ್ಲಿ ಗ್ರ್ಯಾಂಡ್ ಡಿಟೂರ್ ಎಂಬ ಊರಿನ ಕಮ್ಮಾರ ಜಾನ್ ಡಿಯರ್ ನುಣುಪಾದ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರತೊಡಗಿತು. ಇವತ್ತು ಹಸಿರು ಟ್ರ್ಯಾಕ್ಟರುಗಳ ಮೇಲೆ ನೀನು ಓದುವ ಹೆಸರು ಅವನದೇ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಪ್ರೇರಿ ಮುಗಿದುಹೋಗಿತ್ತು. ಕೆಡದೆ ಉಳಿದಿರುವುದು ಹೆಚ್ಚುಕಡಿಮೆ ಹತ್ತು ಸಾವಿರದಲ್ಲಿ ಒಂದು ಪಾಲು.

ಆ ಒಂದು ಪಾಲು ಎಲ್ಲಿದೆ ಗೊತ್ತೆ? ರೈಲು ಹಳಿಯ ಪಕ್ಕದ ಪಟ್ಟಿಗಳಲ್ಲಿ, ಉಳಲಾಗದ ಕಲ್ಲುದಿಬ್ಬಗಳಲ್ಲಿ, ಹಳೆಯ ಸ್ಮಶಾನಗಳಲ್ಲಿ. ಮೊದಲು ಬಂದ ವಲಸಿಗರು ತಮ್ಮವರನ್ನು ಹೂಳಿದ ಜಾಗಕ್ಕೆ ನೇಗಿಲು ಹೋಗಲಿಲ್ಲ, ಹಾಗಾಗಿ ಹೂವು ಉಳಿದವು. ಮೆಕ್‌ಲೀನ್ ಕೌಂಟಿಯ ವೆಸ್ಟನ್ ಸೆಮೆಟರಿ ಪ್ರೇರಿ ಐದೇ ಎಕರೆ. ಸುತ್ತ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಇಂಥಲ್ಲಿಗೆ ಹೋದರೆ ಸ್ಮಶಾನಕ್ಕೆ ಹೋಗಿದ್ದೆ ಅಂತ ನಿಮ್ಮಮ್ಮನಿಗೆ ಹೇಳಬೇಡ, ತಲೆಗೆ ಸ್ನಾನ ಮಾಡಿದೆಯಾ ಅಂತ ಮೊದಲು ಕೇಳುತ್ತಾಳೆ. ಸ್ನಾನವಂತೂ ಬೇಕೇ ಬೇಕು, ಅದಕ್ಕೆ ಬೇರೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಕಲಿಯುವುದಕ್ಕೆ ಮಾತ್ರ ಇಂಥ ಮೂಲ ಪ್ರೇರಿಗೆ ಹೋಗಬೇಡ. ಅಲ್ಲಿ ಒಂದು ಹೆಜ್ಜೆ ತಪ್ಪಿಟ್ಟರೆ ತುಳಿಯುವುದು ನೂರಾರು ವರ್ಷದ ಬೇರಿನ ಮೇಲೆ. ಮರಳಿ ಬೆಳೆಸಿದ ಪ್ರೇರಿಗಳಿವೆ, ಅಗಲವಾದ ದಾರಿಗಳಿವೆ. ಲೈಲ್‌ನ ಮಾರ್ಟನ್ ಆರ್ಬೊರೇಟಮ್‌ನಲ್ಲಿ ರೇ ಶುಲೆನ್‌ಬರ್ಗ್ 1962ರಲ್ಲಿ ಬೀಜ ಹಾಕಿ ಶುರುಮಾಡಿದ ಪ್ರೇರಿ ಈಗ ಅವರ ಹೆಸರಿನಲ್ಲೇ ಇದೆ. ಬಟೇವಿಯಾದ ಫರ್ಮಿಲ್ಯಾಬ್‌ನಲ್ಲಿ ಕಣಗಳನ್ನು ಓಡಿಸುತ್ತಿದ್ದ ಉಂಗುರದ ಒಳಗಿನ ಖಾಲಿ ಜಾಗದಲ್ಲಿ ರಾಬರ್ಟ್ ಬೆಟ್ಜ್ 1975ರಲ್ಲಿ ಬಿತ್ತನೆ ಶುರುಮಾಡಿದರು. ಎರಡೂ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ದೂರವಲ್ಲ; ನಮ್ಮವರು ವಾರವಾರ ಅತ್ತ ಹೋಗಿ ಪುಳಿಯೋಗರೆ ತಿಂದು ಬರುತ್ತಾರೆ, ಪಕ್ಕದಲ್ಲಿರುವ ಇದನ್ನು ನೋಡುವುದಿಲ್ಲ. ದೊಡ್ಡದು ಬೇಕೆಂದರೆ ಜೋಲಿಯೆಟ್ ಹತ್ತಿರ ಮಿಡೇವಿನ್. ಹಿಂದೆ ಮದ್ದುಗುಂಡಿನ ಕಾರ್ಖಾನೆ ಇದ್ದ ಜಾಗ, 1996ರಿಂದ ರಾಷ್ಟ್ರೀಯ ಪ್ರೇರಿ. ಎಲ್ಲಿಗೇ ಹೋಗು, ಪ್ರವೇಶದ ನಿಯಮ ವಿಚಾರಿಸಿಕೊಂಡು ಹೋಗು.

ಈಗ ಹೂವಿಗೆ ಬರೋಣ. ಜೂನ್ ಕೊನೆಯಲ್ಲಿ, ಜುಲೈನಲ್ಲಿ ಹೋಗುವೆಯಾದರೆ ಮಿಲ್ಕ್‌ವೀಡ್ ಮುಂದೆ ಕೂರು. ಇದು ನಿನಗೆ ಹೊಸದಲ್ಲ, ನಮ್ಮ ಎಕ್ಕದ ಬಳಗವೇ. ಎಲೆ ಮುರಿದರೆ ಅದೇ ಬಿಳಿಹಾಲು. (ಮುರಿಯಬೇಡ, ನನ್ನ ಮಾತು ನಂಬು.) ಊರಿನ ಎಕ್ಕದ ಎಲೆ ತಿನ್ನುವ ಪಟ್ಟೆಪಟ್ಟೆ ಕಂಬಳಿಹುಳು ನೆನಪಿದೆಯಲ್ಲ, ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದಲ್ಲ, ಅದೂ ಇಲ್ಲಿನ ಮೊನಾರ್ಕ್ ಚಿಟ್ಟೆಯೂ ಒಂದೇ ಕುಲದವು, ಡನಾಸ್. ಮೊನಾರ್ಕಿನ ಮರಿ ಮಿಲ್ಕ್‌ವೀಡ್ ಬಿಟ್ಟು ಬೇರೇನೂ ತಿನ್ನದು.

ಆದರೆ ಮೊನಾರ್ಕನ್ನು ಎಲ್ಲರೂ ತೆಗೆಯುತ್ತಾರೆ. ನೀನು ಹೂವಿನ ಮೇಲೆ ನಡೆಯುವವರ ಕಾಲು ನೋಡು. ಮಿಲ್ಕ್‌ವೀಡ್ ಹೂವಿನಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ. ಮಕರಂದ ತುಂಬಿದ ಐದು ಬಟ್ಟಲು, ಬಟ್ಟಲುಗಳ ನಡುವೆ ಐದು ಸೀಳು. ಬಟ್ಟಲಿನ ಅಂಚು ನುಣುಪು. ಹೀರಲು ಬಂದವರ ಕಾಲು ಜಾರಿ ಸೀಳಿನೊಳಕ್ಕೆ ಹೋಗುತ್ತದೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡಂತೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಳೆದಾಗ ಕಾಲಿನ ಜೊತೆ ಒಂದು ಕರಿ ಚುಕ್ಕೆ, ಅದರಿಂದ ಜೋತಾಡುವ ಎರಡು ಹಳದಿ ಚೀಲ ಹೊರಗೆ ಬರುತ್ತವೆ. ಆ ಹೂವಿನ ಪರಾಗದ ಗಂಟು ಅದು. ಮುಂದಿನ ಹೂವಿನ ಸೀಳಿನಲ್ಲಿ ಅದು ಸಿಕ್ಕಿ ಉಳಿದರೆ ಕಾಯಿ ಕಟ್ಟುತ್ತದೆ. ಬಲವಿರುವ ಬಂಬಲ್‌ಬೀ, ದೊಡ್ಡ ಕರಿಕಣಜ ಎಳೆದುಕೊಂಡು ಹೋಗುತ್ತವೆ. ಬಲವಿಲ್ಲದವು ಕಾಲು ಬಿಟ್ಟುಹೋಗುತ್ತವೆ, ಇಲ್ಲವೇ ಅಲ್ಲೇ ತೂಗಾಡುತ್ತ ಸಾಯುತ್ತವೆ. ಹಾಗೆ ಸಿಕ್ಕಿ ಸತ್ತ ಜೇನ್ನೊಣಗಳನ್ನು ಹುಡುಕಿದರೆ ನಿನಗೂ ಕಾಣುತ್ತವೆ. ಜೇನ್ನೊಣ ಈ ನೆಲದ್ದಲ್ಲ, ಯುರೋಪಿನಿಂದ ವಲಸೆ ಬಂದದ್ದು. ಈ ಹೂವಿನ ಲೆಕ್ಕದಲ್ಲಿ ಅದು ಇರಲಿಲ್ಲ.

ಇದನ್ನು ಚಿತ್ರದಲ್ಲಿ ಹಿಡಿಯಬೇಕಾದರೆ ಮೇಲಿನಿಂದ ಬಾಗಿ ತೆಗೆದರೆ ಆಗದು. ಹೂಗೊಂಚಲಿನ ಮಟ್ಟಕ್ಕೆ ಕಣ್ಣು ಬರುವ ಹಾಗೆ ಮಂಡಿಯೂರು. ಬೆಳಕು ಬದಿಯಿಂದ ಬರಲಿ, ಆಗ ಕಾಲಿನ ರೋಮ, ಹಳದಿ ಚೀಲ ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಹುಳುವಿನ ಎಲ್ಲ ಚಿತ್ರಕ್ಕೂ ಕಣ್ಣು ಸ್ಪಷ್ಟವಾಗಿರಬೇಕು ಅನ್ನುವುದು ಹಳೆಯ ಪಾಠ, ಒಳ್ಳೆಯ ಪಾಠವೂ ಹೌದು. ಆದರೆ ಇಲ್ಲಿ ಕಾಲು ಸ್ಪಷ್ಟವಾಗಿದ್ದು ಕಣ್ಣು ಮಸುಕಾದರೆ ನಾನು ಆ ಚಿತ್ರವನ್ನು ಇಟ್ಟುಕೊಳ್ಳುತ್ತೇನೆ. ಕೆಲಸ ನಡೆಯುವುದು ಕಾಲಿನಲ್ಲಿ.

ಲೆನ್ಸಿನ ವಿಷಯ ಹೆಚ್ಚು ಹೇಳುವುದಿಲ್ಲ, ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಒಂದೆರಡು ಮಾತು ಮಾತ್ರ. ನಿಜ ಅಳತೆಯಷ್ಟೇ, ಒಂದಕ್ಕೊಂದು ತೆಗೆಯುವಾಗ ಅಪರ್ಚರ್ ಎಫ್ 11ಕ್ಕೆ ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಒಂದು ಮಿಲಿಮೀಟರಿನ ಆಚೀಚೆ. ಅದಕ್ಕಿಂತ ಮುಚ್ಚಿದರೆ ಆಳ ಸಿಗುತ್ತದೆ, ಆದರೆ ಒಟ್ಟು ಚಿತ್ರದ ಮೊನಚು ಹೋಗುತ್ತದೆ. ಅಷ್ಟು ಹತ್ತಿರ ಆಟೋಫೋಕಸ್ ನಂಬಬೇಡ. ದೂರ ನಿಗದಿಮಾಡಿ, ನಿನ್ನ ಮೈಯನ್ನೇ ಕೂದಲೆಳೆಯಷ್ಟು ಹಿಂದೆಮುಂದೆ ತೂಗಿಸಿ ಫೋಕಸ್ ಹಿಡಿ. ಚಿಟ್ಟೆ ರೆಕ್ಕೆ ಮುಚ್ಚಿ ಕೂತಿದ್ದರೆ ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾನಾಂತರವಾಗಿರಲಿ, ಆ ಒಂದು ಮಿಲಿಮೀಟರಿನಲ್ಲೇ ಇಡೀ ರೆಕ್ಕೆ ಸಿಗುತ್ತದೆ. ಎಲ್ಲದಕ್ಕೂ ಅಷ್ಟು ಹತ್ತಿರ ಹೋಗಲೇಬೇಕು ಅಂತ ಹಟ ಹಿಡಿಯಬೇಡ. ಅರ್ಧ ಅಳತೆಯಲ್ಲಿ ತೆಗೆದರೆ ಹುಳುವೂ ಸಿಗುತ್ತದೆ, ಅದು ಕೂತ ಹೂವೂ ಸಿಗುತ್ತದೆ.

ಇಲ್ಲಿನ ಗಾಳಿಯ ಬಗ್ಗೆ ಎಚ್ಚರ. ತಡೆಯಲು ಮರವಿಲ್ಲದ ಬಯಲು. ಹತ್ತು ಗಂಟೆಯ ಹೊತ್ತಿಗೆ ಎದ್ದ ಗಾಳಿ ಸಂಜೆಯ ತನಕ ನಿಲ್ಲುವುದೇ ಇಲ್ಲ. ಶಟರ್ 1/250ಕ್ಕಿಂತ ನಿಧಾನ ಬೇಡ, ಐಎಸ್‌ಒ ಏರಿದರೆ ಏರಲಿ. ಒಂದು ಬಿದಿರುಕಡ್ಡಿ, ಒಂದೆರಡು ಹೇರ್‌ಕ್ಲಿಪ್ ಜೇಬಿನಲ್ಲಿರಲಿ. ಅಡ್ಡ ಬರುವ ಹುಲ್ಲನ್ನು ಕೀಳದೆ ಪಕ್ಕಕ್ಕೆ ಸರಿಸಿ ಸಿಕ್ಕಿಸಿಡು, ಕೆಲಸವಾದ ಮೇಲೆ ಬಿಚ್ಚು. ಅಡ್ಡ ಬಂತು ಅಂತ ಹುಲ್ಲು ಕಿತ್ತು ಎಸೆಯುವವರನ್ನು ನೋಡಿದ್ದೇನೆ. ಅವರ ಜೊತೆ ಎರಡನೆಯ ಸಲ ಹೋಗಿಲ್ಲ. ಹೂವು ಆರಿಸುವಾಗಲೇ ಅದರ ಹಿಂದೇನಿದೆ ನೋಡು; ಹಿಂದಿನ ಹುಲ್ಲು ನಾಲ್ಕಡಿ ದೂರವಿದ್ದರೆ ಹಸಿರು ಪರದೆಯಾಗಿ ಕರಗುತ್ತದೆ, ಅರ್ಧ ಅಡಿಯಲ್ಲಿದ್ದರೆ ಬರೀ ಗೋಜಲು. ಫ್ಲ್ಯಾಷ್ ಬಳಸುವೆಯಾದರೆ ದೊಡ್ಡ ಡಿಫ್ಯೂಸರ್ ಹಾಕು, ಹಿನ್ನೆಲೆ ಕಪ್ಪಾಗದಂತೆ ನೋಡಿಕೊ. ಕಪ್ಪು ಹಿನ್ನೆಲೆಯ ಹುಳು ಬೆಂಗಳೂರಿನದೋ ಬ್ರೆಜಿಲ್‌ನದೋ ಹೇಳಲಾಗದು. ಪ್ರೇರಿಯ ಚಿತ್ರದಲ್ಲಿ ಪ್ರೇರಿ ಕಾಣದಿದ್ದರೆ ಅಷ್ಟು ದೂರ ಯಾಕೆ ಹೋಗಬೇಕು?

ಬೆಳಗಿನ ಜಾವಕ್ಕೆ ಎದ್ದು ಹೋಗು ಅಂತ ಎಲ್ಲರೂ ಹೇಳುತ್ತಾರೆ, ಬೆಳಕು ಚೆನ್ನಾಗಿರುತ್ತದೆ ಅನ್ನುತ್ತಾರೆ. ನಾನು ಹೇಳುವುದು ಬೆಳಕಿಗಾಗಿ ಅಲ್ಲ, ನಿದ್ದೆಗಾಗಿ. ನಿನ್ನ ನಿದ್ದೆಯಲ್ಲ, ಅವುಗಳದು. ಒಂಟಿಯಾಗಿ ಬಾಳುವ ದುಂಬಿಗಳಲ್ಲಿ ಉದ್ದ ಮೀಸೆಯ ಒಂದು ಬಳಗವಿದೆ, ಮೆಲಿಸೋಡೀಸ್ ಅಂತ. ಹೆಣ್ಣು ನೆಲದಲ್ಲಿ ತೋಡಿದ ಗೂಡಿನಲ್ಲಿ ಮಲಗುತ್ತದೆ. ಗಂಡಿಗೆ ಮನೆಯಿಲ್ಲ; ರಾತ್ರಿ ಹೂವನ್ನೋ ಕಡ್ಡಿಯನ್ನೋ ದವಡೆಯಲ್ಲಿ ಕಚ್ಚಿಕೊಂಡು ಮಲಗಿಬಿಡುತ್ತದೆ. ಆಗಸ್ಟಿನ ಬೆಳಗ್ಗೆ ಕಾಡು ಸೂರ್ಯಕಾಂತಿಗಳ ಮೇಲೆ ಹುಡುಕು. ಮೈಮೇಲೆಲ್ಲ ಇಬ್ಬನಿ, ಮೀಸೆಯಲ್ಲೂ ಹನಿ. ಬಿಸಿಲು ತಾಗುವ ತನಕ ಅಲುಗಾಡುವುದಿಲ್ಲ. ಟ್ರೈಪಾಡ್ ಇಟ್ಟು, ಫೋಕಸನ್ನು ಎಳೆಯೆಳೆಯಾಗಿ ಸರಿಸುತ್ತ ಹಲವು ಚಿತ್ರ ತೆಗೆದು ಆಮೇಲೆ ಒಂದಾಗಿ ಹೊಲಿಯುವ ವಿದ್ಯೆ ನಿಮ್ಮ ಕಾಲದವರಿಗೆ ಗೊತ್ತಲ್ಲ, ಅದಕ್ಕೆ ಇದೇ ಸಮಯ. ಹಗಲಿನಲ್ಲಿ ಓಡಾಡುವ ಹುಳುವಿನ ಮೇಲೆ ಅದನ್ನು ಪ್ರಯೋಗಿಸಿ ಸಿಟ್ಟು ಮಾಡಿಕೊಳ್ಳಬೇಡ. ಬಂಬಲ್‌ಬೀಯದು ಇನ್ನೊಂದು ತಮಾಷೆ. ಎದೆಯ ಸ್ನಾಯು ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿಯಾಗದೆ ಅದು ಹಾರಲಾರದು. ಚಳಿಯ ಬೆಳಗ್ಗೆ ರೆಕ್ಕೆ ಬಿಚ್ಚದೆ ಸ್ನಾಯುಗಳನ್ನಷ್ಟೇ ನಡುಗಿಸಿ ಬಿಸಿ ಮಾಡಿಕೊಳ್ಳುತ್ತದೆ. ನಡುಗುವುದು ಕಂಡರೆ ನಿನಗೆ ಇನ್ನೂ ಸ್ವಲ್ಪ ಹೊತ್ತಿದೆ ಅಂತ ತಿಳಿ.

ಹುಳುವನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮಂಕಾದ ಮೇಲೆ ಹೂವಿನ ಮೇಲೆ ಕೂರಿಸಿ ತೆಗೆಯುವವರಿದ್ದಾರೆ. ನೀನು ಮಾಡಬೇಡ. ಕಾರಣ ಕೇಳಬೇಡ, ಮಾಡಬೇಡ ಅಷ್ಟೆ.

ಹಗಲಿನಲ್ಲಿ ಅಲುಗಾಡದ ಹುಳು ಕಂಡರೆ ಅನುಮಾನಪಡು. ಗೋಲ್ಡನ್‌ರಾಡ್ ಎಂಬ ಹಳದಿ ಹೂಗೊಂಚಲಿನ ಮೇಲೆ ನೊಣವೋ ದುಂಬಿಯೋ ಓರೆಯಾಗಿ, ಯಾವ ಗಡಿಬಿಡಿಯೂ ಇಲ್ಲದೆ ಕೂತಿದ್ದರೆ ಅದರ ಕತ್ತಿನ ಹತ್ತಿರ ನೋಡು. ಹಳದಿಯೊಳಗೆ ಹಳದಿಯಾಗಿ ಕೂತ ಏಡಿಜೇಡ ಅದನ್ನು ಹಿಡಿದುಕೊಂಡಿರುತ್ತದೆ. ಅದೇ ಜೇಡ ಬಿಳಿ ಹೂವಿನ ಮೇಲೆ ಬೆಳ್ಳಗಿರುತ್ತದೆ; ಬಣ್ಣ ಬದಲಿಸಿಕೊಳ್ಳಲು ಅದಕ್ಕೆ ಕೆಲವು ದಿನ ಬೇಕು. ಕಣಜ ಕಂಡು ಹಾರಿಬೀಳಬೇಡ. ಒಂಟಿ ಕಣಜಗಳಿಗೆ ಕಾಯಲು ಗೂಡಿನ ಪಡೆಯಿಲ್ಲ, ಹೂವಿನ ಮೇಲೆ ಅವಕ್ಕೆ ನಿನ್ನ ಗೊಡವೆಯೂ ಇಲ್ಲ. ರ‍್ಯಾಟಲ್‌ಸ್ನೇಕ್ ಮಾಸ್ಟರ್ ಎಂಬ ಬಿಳಿಗುಂಡಿನ ಹೂವಿದೆ, ಜುಲೈನಲ್ಲಿ ಕಣಜಗಳ ಸಂತೆಯೇ ಅಲ್ಲಿ ನೆರೆಯುತ್ತದೆ. ಆ ಗಿಡದ ಕಾಂಡ ಕೊರೆದು ಬದುಕುವ ಒಂದು ಪತಂಗವಿದೆ, ಅದರ ಮರಿಗೆ ಬೇರೆ ಗಿಡ ಆಗಿಬರುವುದೇ ಇಲ್ಲ. ಗಿಡ ಹೋದ ಕಡೆ ಪತಂಗವೂ ಹೋಯಿತು.

ಸೆಪ್ಟೆಂಬರಿಗೆ ಒಂದು ಹೂವು ತೆಗೆದಿಟ್ಟಿದ್ದೇನೆ: ಬಾಟಲ್ ಜೆನ್ಶಿಯನ್. ಒದ್ದೆ ನೆಲದಲ್ಲಿ, ಮೊಣಕಾಲೆತ್ತರಕ್ಕೆ, ಕಡುನೀಲಿ ಮೊಗ್ಗುಗಳ ಗೊಂಚಲು. ಮೊಗ್ಗು ಅಂತ ಕಾಯುತ್ತ ಕೂರಬೇಡ, ಅದು ಅರಳುವುದೇ ಹಾಗೆ. ದಳಗಳ ತುದಿ ಬಿಚ್ಚಿಕೊಳ್ಳುವುದಿಲ್ಲ. ಚಿಟ್ಟೆ ಬಂದು ನೋಡಿ ಹೋಗುತ್ತದೆ. ಸಣ್ಣ ದುಂಬಿಗಳಿಗೂ ಬಾಗಿಲಿಲ್ಲ. ಬಂಬಲ್‌ಬೀ ಬರುತ್ತದೆ, ತುದಿಯ ಮೇಲೆ ಕಾಲೂರುತ್ತದೆ, ತಲೆಯನ್ನು ದಳಗಳ ನಡುವೆ ತೂರಿಸಿ ಒತ್ತಿ ಒತ್ತಿ ದಾರಿ ಮಾಡಿಕೊಳ್ಳುತ್ತದೆ. ಎದೆ ಹೋಯಿತು, ಹೊಟ್ಟೆ ಹೋಯಿತು, ಹಿಂಗಾಲು ಮಾತ್ರ ಹೊರಗೆ. ಕೆಲವೊಮ್ಮೆ ಅದೂ ಇಲ್ಲ, ಹೂವು ಮುಚ್ಚಿಕೊಂಡು ಒಳಗೆ ಗುಂಯ್ ಅನ್ನುತ್ತಿರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ಯಾಕೆಂದರೆ ಒಳಗೆ ಹೋದದ್ದು ಎಲ್ಲಿಂದ ಹೊರಗೆ ಬರುತ್ತದೆ ಅನ್ನುವುದು ನಿನಗೆ ಮೊದಲೇ ಗೊತ್ತು. ಹೂವಿನ ತುದಿಗೆ ಫೋಕಸ್ ನಿಲ್ಲಿಸು, ಶಟರ್ 1/1000ದ ಹತ್ತಿರ ಇಡು, ಕಾಯಿ. ಹಿಮ್ಮುಖವಾಗಿ ಹೊರಗೆ ಬರುವಾಗ ಮೈತುಂಬ ಪರಾಗ ಮೆತ್ತಿರುತ್ತದೆ, ರೋಮ ಕೆದರಿರುತ್ತದೆ, ಒಂದು ಕ್ಷಣ ತುದಿಯ ಮೇಲೆ ನಿಂತು ಮುಖ ಒರೆಸಿಕೊಳ್ಳುತ್ತದೆ. ಒಂದೇ ಗೊಂಚಲಿನ ಮುಂದೆ ಒಂದು ಬೆಳಗು ಕೂತರೆ ಒಳಹೋಗುವುದು, ಮಾಯವಾಗುವುದು, ಹೊರಬರುವುದು ಮೂರೂ ಸಿಗುತ್ತವೆ. ದಕ್ಷಿಣ ಭಾರತದಲ್ಲಿ ಬಂಬಲ್‌ಬೀ ಇಲ್ಲ, ನೋಡಬೇಕೆಂದರೆ ಹಿಮಾಲಯಕ್ಕೆ ಹೋಗಬೇಕು. ಹಾಗಾಗಿ ಊರಿಗೆ ಕಳಿಸುವ ಚಿತ್ರ ಇದೇ ಆಗಲಿ.

ಹೂವಿನ ಮುಂದೆ ಕೂರು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಇದೇ ಇಲಿನಾಯ್‌ನ ಕಾರ್ಲಿನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಚಾರ್ಲ್ಸ್ ರಾಬರ್ಟ್‌ಸನ್ ಎಂಬಾತ 1880ರ ದಶಕದಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸ ಅದೊಂದೇ. ಹೂವಿನ ಮುಂದೆ ನಿಂತು ಯಾರು ಬಂದರು ಅಂತ ಬರೆದಿಟ್ಟ. 453 ಬಗೆಯ ಹೂವುಗಳಿಗೆ ಬಂದವರ ಪಟ್ಟಿ 1920ರ ದಶಕದ ಕೊನೆಯಲ್ಲಿ ಪುಸ್ತಕವಾಯಿತು. ಕ್ಯಾಮೆರಾ ಇಲ್ಲದೆ, ಬರೀ ಪೆನ್ನು, ಬಲೆ, ತಾಳ್ಮೆ. ನೂರು ವರ್ಷ ಕಳೆದ ಮೇಲೆ ಸಂಶೋಧಕರು ಅವನ ಪಟ್ಟಿಯಲ್ಲಿನ ಕಾಡಿನ ನೆರಳಿನ ಕೆಲವು ಹೂವುಗಳನ್ನು ಹಿಡಿದುಕೊಂಡು ಅದೇ ಊರಿಗೆ ಹೋಗಿ ಮತ್ತೆ ನೋಡಿದರು. ಅವನು ಕಂಡಿದ್ದ ದುಂಬಿ ಜಾತಿಗಳಲ್ಲಿ ಸುಮಾರು ಅರ್ಧ ಅಲ್ಲಿ ಇರಲಿಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅದು ಬಂತು. ಅವನು ಚಂದದ ಹುಳುಗಳನ್ನಷ್ಟೇ ಹೆಕ್ಕಿ, ಯಾವ ಹೂವು ಅಂತ ಬರೆಯದೆ ಬಿಟ್ಟಿದ್ದರೆ ಏನು ಹೋಯಿತು ಅನ್ನುವುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಹುಳುವಿನ ಚಿತ್ರ ತೆಗೆದ ಮೇಲೆ ಎದ್ದು ಎರಡು ಹೆಜ್ಜೆ ಹಿಂದೆ ಸರಿದು ಇಡೀ ಗಿಡದ್ದೊಂದು ತೆಗೆ, ಎಲೆ ಸಹಿತ. ಎಲೆ ಇಲ್ಲದೆ ಹೆಸರು ಹಿಡಿಯುವುದು ಕಷ್ಟ; ಹಳದಿ ಹೂವಿನ ಸೂರ್ಯಕಾಂತಿ ಬಳಗದಲ್ಲಿ ಪಳಗಿದವರೂ ತಡಕಾಡುತ್ತಾರೆ. ದುಂಬಿಯದು ಬೆನ್ನಿನ ಕಡೆಯಿಂದ ಒಂದು, ಬದಿಯಿಂದ ಒಂದು, ಸಾಧ್ಯವಾದರೆ ಮುಖದ್ದು ಒಂದು. ದುಂಬಿ ಅಂತ ಬರೆಯುವ ಮೊದಲು ರೆಕ್ಕೆ ಎಣಿಸು, ಕಣ್ಣು ನೋಡು. ರೆಕ್ಕೆ ಎರಡೇ ಇದ್ದು, ಮೀಸೆ ಮೊಟಕಾಗಿದ್ದು, ಮುಖವೆಲ್ಲ ಕಣ್ಣೇ ಆಗಿದ್ದರೆ ಅದು ದುಂಬಿ ವೇಷದ ಹೂನೊಣ. ತಾರೀಖು, ಜಾಗ ತಪ್ಪದೆ ಸೇರಿಸಿ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕು. ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹಾಕು, ತಿಳಿದವರು ಬಂದು ಹೇಳುತ್ತಾರೆ.

ಬಂಬಲ್‌ಬೀಗಳಲ್ಲಿ ಒಂದನ್ನು ವಿಶೇಷವಾಗಿ ಗಮನಿಸು. ಹೊಟ್ಟೆಯ ಎರಡನೆಯ ಪಟ್ಟಿಯ ನಡುವೆ ತುಕ್ಕಿನ ಬಣ್ಣದ ಮಚ್ಚೆ, ಸುತ್ತ ಹಳದಿ. ಕೆಲಸಗಾರ ಹೆಣ್ಣಿಗೂ ಗಂಡಿಗೂ ಈ ಮಚ್ಚೆ ಇರುತ್ತದೆ, ರಾಣಿಗೆ ಇರುವುದಿಲ್ಲ. 1990ರ ದಶಕದ ಕೊನೆಯಿಂದ ಬೇಗಬೇಗ ಕಡಿಮೆಯಾಗಿ, 2017ರಲ್ಲಿ ಅಮೆರಿಕ ಸರಕಾರದ ಅಳಿವಿನಂಚಿನ ಪಟ್ಟಿಗೆ ಸೇರಿತು. ಇಲ್ಲಿನ ಮುಖ್ಯ ಭೂಭಾಗದ ದುಂಬಿಗಳಲ್ಲಿ ಆ ಪಟ್ಟಿ ಸೇರಿದ ಮೊದಲನೆಯದು. ಶಿಕಾಗೋ ಸುತ್ತಮುತ್ತ ಇನ್ನೂ ಇದೆ. ಅದನ್ನೇ ಹೋಲುವ ಕಂದುಪಟ್ಟಿಯ ಇನ್ನೊಂದು ಜಾತಿ ಬೇಕಾದಷ್ಟು ಸಿಗುವುದರಿಂದ ಬೆನ್ನಿನ ಚಿತ್ರ ಸ್ಪಷ್ಟವಾಗಿರಲೇಬೇಕು. ಸಿಕ್ಕರೆ ಗೆಳೆಯರ ಗುಂಪಿಗೆ ನಕ್ಷೆ ಹಂಚಬೇಡ. ಆ ಪ್ರೇರಿಯನ್ನು ನೋಡಿಕೊಳ್ಳುವವರಿಗೆ ಹೇಳು. ಮುಂದಿನ ವಸಂತದಲ್ಲಿ ಯಾವ ತುಂಡಿಗೆ ಬೆಂಕಿ ಕೊಡಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಅವರು ನಿರ್ಧರಿಸಬೇಕಾಗುತ್ತದೆ. ಹೌದು, ಇಲ್ಲಿ ಪ್ರೇರಿಗೆ ಬೇಕೆಂದೇ ಬೆಂಕಿ ಹಾಕುತ್ತಾರೆ. ಸುಡದೆ ಬಿಟ್ಟರೆ ಪೊದೆ, ಮರ ಏರಿಬಿಡುತ್ತವೆ. ಕಪ್ಪಗೆ ಸುಟ್ಟ ನೆಲ ಕಂಡು ಗಾಬರಿಯಾಗಬೇಡ, ಜೂನ್‌ನಲ್ಲಿ ಅಲ್ಲಿಗೇ ಹೋಗು.

ಇನ್ನು ಸ್ನಾನದ ಮಾತು. ಇಲ್ಲಿನ ಹುಲ್ಲಿನಲ್ಲಿ ಉಣ್ಣಿ ಇದೆ. ಜಿಂಕೆಯುಣ್ಣಿಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ಅದರ ಮರಿ ಗಸಗಸೆ ಕಾಳಿನಷ್ಟಿರುತ್ತದೆ, ಹತ್ತಿದ್ದು ಗೊತ್ತೇ ಆಗುವುದಿಲ್ಲ. ತುಂಬುತೋಳು, ತಿಳಿಬಣ್ಣದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ನೋಡಲು ಚೆನ್ನಾಗಿರುವುದಿಲ್ಲ, ಅಲ್ಲಿ ನಿನ್ನನ್ನು ನೋಡುವವರೂ ಇರುವುದಿಲ್ಲ. ಮನೆಗೆ ಬಂದವನೇ ಬಟ್ಟೆಯನ್ನು ಡ್ರೈಯರಿಗೆ ಹಾಕಿ ಹೆಚ್ಚು ಬಿಸಿಯಲ್ಲಿ ಹತ್ತು ನಿಮಿಷ ಓಡಿಸು, ಒಗೆಯುವುದು ಆಮೇಲೆ. ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಸಂದಿ ನೋಡಿಕೊ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆ. ಎಣ್ಣೆ, ಬೆಂಕಿಕಡ್ಡಿ ಅಂತ ಊರಿನ ಮದ್ದು ಮಾಡಬೇಡ. ಮೂರೆಲೆಯ ಪಾಯ್ಸನ್ ಐವಿ ಮೈಗೆ ತಾಗಿದರೆ ವಾರಗಟ್ಟಲೆ ತುರಿಕೆ. ಹಳದಿ ಕೊಡೆಹೂವಿನ ವೈಲ್ಡ್ ಪಾರ್ಸ್ನಿಪ್ ರಸ ತಾಗಿ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಮಂಡಿಯೂರುವ ಮೊದಲು ಎಲ್ಲಿ ಊರುತ್ತಿದ್ದೀಯ ನೋಡಿಕೊ. ನೀರು ಎರಡು ಬಾಟಲಿ ಇರಲಿ. ನೆರಳು ಅನ್ನುವುದು ಅಲ್ಲಿ ಸಿಗುವುದಿಲ್ಲ.